ಜಲೋದ್ಯಮ ಸಂಘಗಳು: ಮನವಿ ಪತ್ರದಿಂದಾಚೆಗೆ

ಯಾವುದೇ ಉದ್ಯಮದ ಸಂಘವು ಹುಟ್ಟುವುದು ಸಾಮಾನ್ಯವಾಗಿ ಒಂದು ಸಂಕಷ್ಟದ ಸಂದರ್ಭದಲ್ಲಿ. ತೆರಿಗೆ ಹೆಚ್ಚಿದಾಗ, ಪರವಾನಗಿಯ ನಿಯಮ ಬಿಗಿಯಾದಾಗ ಉದ್ಯಮಿಗಳು ಒಂದೆಡೆ ಸೇರುತ್ತಾರೆ, ಮನವಿ ಪತ್ರ ಸಿದ್ಧವಾಗುತ್ತದೆ, ನಿಯೋಗವು ಸಚಿವರನ್ನು ಕಾಣುತ್ತದೆ. ಸಂಕಷ್ಟ ಕಳೆದೊಡನೆ ಸಭೆಯ ಕೋರಂ ಸಹ ಕಳೆದುಹೋಗುತ್ತದೆ. ಬಾಟಲಿ ನೀರಿನ ಘಟಕ, ಟ್ಯಾಂಕರ್, ಕೊಳವೆಬಾವಿ ಹಾಗೂ ನೀರು ಶುದ್ಧೀಕರಣ ಯಂತ್ರೋಪಕರಣ ಎಂದು ಹಂಚಿಹೋಗಿರುವ ಜಲೋದ್ಯಮವೂ ಇದಕ್ಕೆ ಹೊರತಲ್ಲ.

ನೀರಿನ ಕ್ಷೇತ್ರದ ಹಳೆಯ ಸಂಘಗಳ ಚರಿತ್ರೆಯು ಬೇರೊಂದು ಮಾರ್ಗವನ್ನು ತೋರಿಸುತ್ತದೆ. 1881ರ ಮಾರ್ಚ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕೇವಲ 22 ಮಂದಿ ಸೇರಿ ಅಮೆರಿಕನ್ ವಾಟರ್ ವರ್ಕ್ಸ್ ಅಸೋಸಿಯೇಷನ್ ಸ್ಥಾಪಿಸಿದರು. ನೀರು ಸರಬರಾಜಿನ ನಿರ್ವಹಣೆಯ ಬಗ್ಗೆ ತಿಳಿವಳಿಕೆಯನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುದೇ ಅವರ ಉದ್ದೇಶವಾಗಿತ್ತು. ಇಂದಿಗೂ ಅದು ಪ್ರಾದೇಶಿಕ ವಿಭಾಗಗಳ ಮೂಲಕ ಕಾರ್ಯ ನಿರ್ವಹಿಸುತ್ತಿದೆ. ಜರ್ಮನಿಯಲ್ಲಿ ಅಕ್ಕಪಕ್ಕದ ಊರುಗಳ ಕೊಳಚೆ ನೀರು ಶುದ್ಧೀಕರಣ ಘಟಕಗಳ ಸಿಬ್ಬಂದಿ ‘ನೆರೆಹೊರೆ’ ಎಂಬ ಹೆಸರಿನ ಗುಂಪುಗಳಲ್ಲಿ ನಿಯತವಾಗಿ ಸೇರಿ, ತಮ್ಮ ಘಟಕಗಳ ಸಾಧನೆಯನ್ನು ಹೋಲಿಸಿ ನೋಡುತ್ತಾರೆ. ಭಾರತದಲ್ಲಿಯೂ 1968ರಲ್ಲಿ ಸ್ಥಾಪಿತವಾದ ಇಂಡಿಯನ್ ವಾಟರ್ ವರ್ಕ್ಸ್ ಅಸೋಸಿಯೇಷನ್, ಮುಂಬಯಿಯಲ್ಲಿ ಕೇಂದ್ರ ಕಚೇರಿಯನ್ನೂ ಅನೇಕ ನಗರಗಳಲ್ಲಿ ಶಾಖಾ ಕೇಂದ್ರಗಳನ್ನೂ ಹೊಂದಿದೆ.

ಪ್ರಾದೇಶಿಕತೆಗೆ ಇಷ್ಟು ಮಹತ್ವ ಏಕೆಂದರೆ, ನೀರಿನ ಗುಣ ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ. ಕೋಲಾರದ ಘಟಕ ಎದುರಿಸುವ ಫ್ಲೋರೈಡ್ ಸಮಸ್ಯೆಯೇ ಬೇರೆ, ಕರಾವಳಿಯ ಘಟಕ ಎದುರಿಸುವ ಕಬ್ಬಿಣದಂಶದ ಸಮಸ್ಯೆಯೇ ಬೇರೆ. ಯಾವ ಪೊರೆ ಎಷ್ಟು ತಿಂಗಳು ಬಾಳಿತು, ಒಂದು ಸಾವಿರ ಲೀಟರಿಗೆ ಎಷ್ಟು ಯೂನಿಟ್ ವಿದ್ಯುತ್ ತಗುಲಿತು, ಎಷ್ಟು ನೀರು ತ್ಯಾಜ್ಯವಾಗಿ ಹೊರಹೋಯಿತು ಎಂಬ ಪ್ರಶ್ನೆಗಳಿಗೆ ಯಂತ್ರ ಮಾರುವವರ ಕೈಪಿಡಿಗಿಂತ ನೆರೆಯ ಘಟಕದ ದಾಖಲೆಯೇ ನಂಬಿಕೆಗೆ ಅರ್ಹವಾದ ಉತ್ತರ. ಪರಿವ್ಯಯ ಲೆಕ್ಕಶಾಸ್ತ್ರದಲ್ಲಿ ಇದನ್ನು ಅಂತರ ಘಟಕ ಹೋಲಿಕೆ ಎನ್ನುತ್ತಾರೆ. ಸದಸ್ಯರ ಅಂಕಿಗಳನ್ನು ಸ್ವತಂತ್ರ ಲೆಕ್ಕಿಗರೊಬ್ಬರು ಪಡೆದು, ಹೆಸರುಗಳನ್ನು ಮರೆಮಾಚಿ, ಸರಾಸರಿಯನ್ನು ಮಾತ್ರ ಹಂಚಿದರೆ ಯಾರ ವ್ಯವಹಾರದ ಗುಟ್ಟೂ ಬಯಲಾಗುವುದಿಲ್ಲ.

ಈಗ ಇದರ ಅಗತ್ಯ ಹೆಚ್ಚಿದೆ. 2024ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಬಾಟಲಿ ನೀರಿಗೆ ಐಎಸ್ಐ ಗುರುತು ಕಡ್ಡಾಯವೆಂಬ ಷರತ್ತನ್ನು ಕೈಬಿಟ್ಟಿತು. ಅದೇ ವರ್ಷದ ನವೆಂಬರ್ ಅಂತ್ಯದಲ್ಲಿ ಬಾಟಲಿ ನೀರನ್ನು ಹೆಚ್ಚಿನ ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿ, ತಪಾಸಣೆ ಹಾಗೂ ಹೊರಗಿನ ಸಂಸ್ಥೆಯ ಲೆಕ್ಕಪರಿಶೋಧನೆಯಂತಹ ಸುರಕ್ಷತಾ ಪರಿಶೀಲನೆಗೆ ಒಳಪಡಿಸಿತು. ದೊಡ್ಡ ಕಂಪನಿಗೆ ಈ ವೆಚ್ಚ ಲೆಕ್ಕಕ್ಕಿಲ್ಲ. ದಿನಕ್ಕೆ ಕೆಲವು ನೂರು ಕ್ಯಾನ್ ತುಂಬುವ ಘಟಕಕ್ಕೆ ಅದು ಅಳಿವು ಉಳಿವಿನ ಪ್ರಶ್ನೆ. ಹತ್ತು ಘಟಕಗಳು ಸೇರಿ ಒಬ್ಬ ಸೂಕ್ಷ್ಮಜೀವಿ ತಜ್ಞನನ್ನು ನೇಮಿಸಿಕೊಂಡು, ಪರಿಶೋಧನೆಯ ಪೂರ್ವಸಿದ್ಧತೆಯನ್ನು ಒಟ್ಟಾಗಿ ಮಾಡಿದರೆ ಹೊರೆ ಹಗುರವಾಗುತ್ತದೆ. ಒಂದು ಘಟಕದ ಕಲುಷಿತ ಕ್ಯಾನ್ ಇಡೀ ಊರಿನ ಘಟಕಗಳ ವ್ಯಾಪಾರಕ್ಕೆ ಪೆಟ್ಟು ಕೊಡುತ್ತದೆಂಬುದನ್ನು ಮರೆಯಲಾಗದು.

ಟ್ಯಾಂಕರ್ ಮಾಲೀಕರಿಗೂ ಇದೇ ಮಾತು ಅನ್ವಯಿಸುತ್ತದೆ. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು 5 ಕಿ.ಮೀ. ವ್ಯಾಪ್ತಿಯೊಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂ., 12,000 ಲೀಟರಿಗೆ 1,000 ರೂ. ದರ ನಿಗದಿಪಡಿಸಿತು. ಇಂತಹ ಸಮಯದಲ್ಲಿ ಡೀಸೆಲ್, ವೇತನ, ಸವಕಳಿ ಮುಂತಾದವುಗಳ ಪರಿಶೋಧಿತ ವೆಚ್ಚಪಟ್ಟಿಯನ್ನು ಮುಂದಿಡುವ ಸಂಘದ ಮಾತಿಗೆ ತೂಕವಿರುತ್ತದೆ. ಬರಿಗೈಯಲ್ಲಿ ಹೋದವರದು ಕೇವಲ ದೂರು ಎನಿಸಿಕೊಳ್ಳುತ್ತದೆ.

ಆದರೆ ವಿಚಾರ ವಿನಿಮಯಕ್ಕೊಂದು ಲಕ್ಷ್ಮಣರೇಖೆಯಿದೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಪ್ರಕರಣದನ್ವಯ ಮಾರಾಟ ದರ ನಿಗದಿ, ಪೂರೈಕೆಯ ಮಿತಿ, ಮಾರುಕಟ್ಟೆಯ ಹಂಚಿಕೆ, ಟೆಂಡರ್ ಹೊಂದಾಣಿಕೆ ಇವುಗಳ ಬಗ್ಗೆ ಒಪ್ಪಂದ ಸಲ್ಲದು. ಸಂಘದ ನಿರ್ಣಯವೂ ಇದಕ್ಕೆ ಒಳಪಡುತ್ತದೆ. ಸಿಮೆಂಟ್ ಪ್ರಕರಣದಲ್ಲಿ 2012ರಲ್ಲಿ ಸ್ಪರ್ಧಾ ಆಯೋಗವು ಕಂಪನಿಗಳೊಂದಿಗೆ ಅವುಗಳ ಸಂಘಕ್ಕೂ ದಂಡ ವಿಧಿಸಿತು. ವ್ಯಾಜ್ಯ ಮೇಲಿನ ಹಂತಗಳಿಗೂ ಹೋಯಿತು. ಆದ್ದರಿಂದ ‘ಬರುವ ತಿಂಗಳಿನಿಂದ ಕ್ಯಾನಿಗೆ ಇಷ್ಟು’ ಎಂಬ ಚರ್ಚೆ ಸಭೆಯಲ್ಲಿಯೂ ಬೇಡ, ಸಭೆಯ ನಂತರದ ಚಹಾ ಕೂಟದಲ್ಲಿಯೂ ಬೇಡ. ಕಾರ್ಯಸೂಚಿ ಮೊದಲೇ ಲಿಖಿತವಾಗಿರಲಿ, ನಡಾವಳಿ ದಾಖಲಾಗಲಿ.

ಲೆಕ್ಕಪತ್ರದ ಶಿಸ್ತೂ ಅಷ್ಟೇ ಮುಖ್ಯ. ಸದಸ್ಯರು ಹಾಗೂ ಸಂಘ ಒಂದೇ ಎಂಬ ಪರಸ್ಪರತೆಯ ತತ್ವವನ್ನು ನಂಬಿ ಹಲವು ಸಂಘಗಳು ಜಿಎಸ್‌ಟಿಯ ಗೊಡವೆಗೆ ಹೋಗಿರಲಿಲ್ಲ. 2021ರ ಹಣಕಾಸು ಕಾಯ್ದೆಯು 2017ರ ಜುಲೈ 1ರಿಂದ ಪೂರ್ವಾನ್ವಯವಾಗುವಂತೆ, ಸಂಘವು ಸದಸ್ಯರಿಗೆ ನೀಡುವ ಸೇವೆಯನ್ನೂ ಪೂರೈಕೆ ಎಂದಿತು. 2025ರ ಏಪ್ರಿಲ್‌ನಲ್ಲಿ ಕೇರಳ ಹೈಕೋರ್ಟಿನ ವಿಭಾಗೀಯ ಪೀಠ ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದು ಘೋಷಿಸಿತು. ಆ ತೀರ್ಪನ್ನೇ ನೆಚ್ಚಿ ಕರ್ನಾಟಕದ ಸಂಘಗಳು ನಿಶ್ಚಿಂತವಾಗಿರುವುದು ವಿವೇಕವಲ್ಲ. ಚಂದಾ, ತರಬೇತಿ ಶುಲ್ಕ, ಪ್ರಾಯೋಜಕರ ಹಣ ಇವುಗಳಿಗೆ ಪ್ರತ್ಯೇಕ ಖಾತೆಗಳಿರುವುದು ಕ್ಷೇಮಕರ.

ಸದಸ್ಯರು ಸಭೆಗೆ ಬರುವುದಿಲ್ಲವೆಂಬುದು ಪದಾಧಿಕಾರಿಗಳ ಸಾಮಾನ್ಯ ಕೊರಗು. ಕೊಟ್ಟ ಚಂದಾ ಹಣಕ್ಕೆ ಪ್ರತಿಯಾಗಿ ಏನು ದೊರೆಯಿತು ಎಂದು ಲೆಕ್ಕ ಹಾಕುವುದು ವ್ಯಾಪಾರಿಯ ಸಹಜ ಧರ್ಮ. ಹೋಟೆಲಿನ ಸಭಾಂಗಣ, ಹಾರ ತುರಾಯಿಗಳ ಬದಲು ಪ್ರತಿ ತ್ರೈಮಾಸಿಕಕ್ಕೊಮ್ಮೆ ಒಬ್ಬ ಸದಸ್ಯರ ಘಟಕದಲ್ಲಿಯೇ ಸಭೆ ನಡೆಯಲಿ. ಮಾಲೀಕರೊಂದಿಗೆ ಯಂತ್ರ ನಡೆಸುವ ಸಿಬ್ಬಂದಿಯೂ ಬರಲಿ. ಮಾತು ಕನ್ನಡದಲ್ಲಿ ನಡೆಯಲಿ. ಮನೆಗೆ ಮರಳುವಾಗ ತನ್ನ ಘಟಕದಲ್ಲಿ ಉಳಿಸಬಹುದಾದ ಹತ್ತು ರೂಪಾಯಿಯ ದಾರಿ ತಿಳಿದರೆ, ಮುಂದಿನ ಸಭೆಗೆ ಸದಸ್ಯನನ್ನು ಕರೆಯಲು ದೂರವಾಣಿಯ ಅಗತ್ಯವೇ ಬೀಳದು.