ಕಾಲ್ಚೆಂಡಿನ ಸಂಘಾಂತರ

ನಮ್ಮ ವೈದ್ಯನಾಥಪುರದಿಂದ ಬೆಂಗಳೂರಿನ ಕಾಲ್ಚೆಂಡು ಸಂಘವೊಂದಕ್ಕೆ ಹೋಗಿಬರುವ ಹದಿಮೂರರ ಬಾಲಕನನ್ನು, ಪ್ರತಿಸ್ಪರ್ಧಿ ಸಂಘದವರು ಹೊಸ ಬೂಟುಗಳ ಆಸೆ ತೋರಿಸಿ ಕರೆಯುತ್ತಿರುವರಂತೆ. ಹೋದರೆ ಕೃತಘ್ನತೆಯಾದೀತೆ ಎಂದು ಅವನ ತಾಯಿಯವರು ನಮ್ಮನ್ನು ಕೇಳಿರುವರು.

ಸಂಘ ಬಿಟ್ಟು ಸಂಘ ಸೇರುವುದು ನಮ್ಮ ನಾಡಿಗೆ ನೂತನವಲ್ಲ. 1937, 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತ್ತು. ಅದೇ ಬೆಂಗಳೂರಿನಲ್ಲಿ ಪಳಗಿದ ಅಹಮದ್ ಖಾನರು, ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಭಾರತ ತಂಡದೊಡನೆ 1948ರ ಲಂಡನ್ ಒಲಿಂಪಿಕ್ಸಿಗೆ ಹೋಗಿಬಂದರು. ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿ, ‘ಪಂಚಪಾಂಡವ’ರೆಂದು ಖ್ಯಾತರಾದ ಐವರಲ್ಲಿ ಒಬ್ಬರಾದರು. ಆದರೆ ಅವರಿಗೆ ಆಗ ಇಪ್ಪತ್ತು ದಾಟಿತ್ತು. ತಮ್ಮ ಹಿತವನ್ನು ತಾವೇ ಅರಿಯಬಲ್ಲವರಾಗಿದ್ದರು.

ಕಲಿಸಿದವರ ಋಣವನ್ನು ಲೋಕವೂ ಒಪ್ಪಿದೆ. ಫೀಫಾ ಸಂಸ್ಥೆಯ ವಿಧಿಯಂತೆ, ಆಟಗಾರನು ಮುಂದೆ ಅನ್ಯದೇಶದಲ್ಲಿ ಮೊದಲ ಬಾರಿಗೆ ವೃತ್ತಿಗಾರನಾದಾಗ, 12ರಿಂದ 21ರ ವಯಸ್ಸಿನಲ್ಲಿ ಅವನನ್ನು ತಿದ್ದಿದ ಸಂಘಗಳಿಗೆ ಸಾಮಾನ್ಯವಾಗಿ ಪರಿಹಾರಧನ ಸಲ್ಲುವುದು. (ಅಕ್ಷರ ಕಲಿಸಿದ ನಮ್ಮಂಥವರಿಗೆ ಇಂಥ ವಿಧಿಯಿಲ್ಲವೆಂಬುದು ಬೇರೆ ಮಾತು!) ಬಾಲಕರ ಪಂದ್ಯಗಳಲ್ಲಿ ಈ ಲೆಕ್ಕವೇಳದು, ಚಿಕ್ಕ ಸಂಘಕ್ಕೆ ಉಳಿಯುವುದು ಬರಿಯ ನೋವೇ.

ಆದ್ದರಿಂದ ತಾಯಿಯವರೇ, ಈ ಋತುವಿನ ಪಂದ್ಯಗಳು ಮುಗಿಯಲಿ. ಬಳಿಕ ಹುಡುಗನೇ ಹೋಗಿ ಈಗಿನ ಶಿಕ್ಷಕರಿಗೆ ಎದುರಿನಲ್ಲಿ ವಿಷಯವನ್ನು ತಿಳಿಸಲಿ. ಬೂಟಿನ ಮಾತು ಬಿಡಿರಿ. ಬೆಳೆಯುವ ಕಾಲಿಗೆ ಅದು ವರ್ಷದೊಳಗೆ ಬಿಗಿಯಾಗುವುದು. ಹೊಸ ಸಂಘದವರನ್ನು ಕೇಳಬೇಕಾದುದು ಬೇರೆ: ಇವನನ್ನು ಆಡಿಸುವರೋ, ಪ್ರತಿಸ್ಪರ್ಧಿಗೆ ದಕ್ಕದಿರಲೆಂದು ಕೂಡಿಸಿಡುವರೋ? ಪರೀಕ್ಷೆಯ ದಿನಗಳಲ್ಲಿ ಬಿಡುವು ಕೊಡುವರೋ? ಸಂಜೆಯ ಅಭ್ಯಾಸ ಮುಗಿಸಿ ರೈಲಿನಲ್ಲಿ ಮದ್ದೂರಿಗಿಳಿಯುವ ಹುಡುಗನು ರಾತ್ರಿ ಎಷ್ಟು ಗಂಟೆಗೆ ಉಣ್ಣುವನೆಂಬುದನ್ನೂ ಅವರೇ ಹೇಳಲಿ.