ಕೆಮಿಕಲ್ ಇಲ್ಲದ ಕ್ರೀಮೆಂಬ ಕಾಗಕ್ಕ ಗುಬ್ಬಕ್ಕನ ಕತೆ

ಮೊನ್ನೆ ಆಫೀಸಿನ ಕೆಫೆಟೇರಿಯಾದಲ್ಲಿ ಒಂದು ಸನ್‌ಸ್ಕ್ರೀನ್ ಟ್ಯೂಬು ಕೈಯಿಂದ ಕೈಗೆ ಓಡಾಡ್ತಿತ್ತು. ಹಿಂದುಗಡೆ ಸಣ್ಣಕ್ಷರದಲ್ಲಿ ‘ಬೆಂಜೋಫಿನೋನ್-3’ ಅಂತಿತ್ತು. ಆಕ್ಸಿಬೆಂಜೋನ್‌ಗೆ ಅದು ಇನ್ನೊಂದು ಹೆಸರು. “ಅಯ್ಯೋ, ಹಾರ್ಮೋನ್ ಕೆಡಿಸತ್ತೆ, ಎಸೀರಿ ಅದನ್ನ” ಅಂದರು ಒಬ್ಬರು. ಅವರ ಬ್ಯಾಗಲ್ಲಿದ್ದದ್ದು ದುಪ್ಪಟ್ಟು ಬೆಲೆಯ ‘ಕೆಮಿಕಲ್ ಫ್ರೀ’ ಟ್ಯೂಬು. ಅದರೊಳಗಿರೋದು ಝಿಂಕ್ ಆಕ್ಸೈಡ್. ಅದು ಕೆಮಿಕಲ್ ಅಲ್ಲದೆ ಇನ್ನೇನು, ಹುರುಳಿಕಾಳಾ?

ಈ ಹಾರ್ಮೋನ್ ಭಯದ ಬೇರು 2001ರ ಒಂದು ಪ್ರಯೋಗದಲ್ಲಿದೆ. ಇಲಿಮರಿಗಳಿಗೆ ಆಹಾರದಲ್ಲಿ ಆಕ್ಸಿಬೆಂಜೋನ್ ಬೆರೆಸಿ ತಿನ್ನಿಸಿದರು, ಗರ್ಭಕೋಶದ ತೂಕ ಹೆಚ್ಚಿತು. ತಿನ್ನಿಸಿದ್ದು ಸ್ವಾಮಿ, ಹಚ್ಚಿದ್ದಲ್ಲ. ಅಷ್ಟು ಪ್ರಮಾಣ ಮನುಷ್ಯನ ಮೈಸೇರಬೇಕಾದರೆ, ಜನ ಸಾಮಾನ್ಯವಾಗಿ ಹಚ್ಚಿಕೊಳ್ಳುವ ಲೆಕ್ಕದಲ್ಲಿ 200 ವರ್ಷಕ್ಕೂ ಹೆಚ್ಚು ಬೇಕು ಅಂತ 2011ರಲ್ಲಿ ಅಮೆರಿಕದ ಚರ್ಮವೈದ್ಯರು ಲೆಕ್ಕ ಹಾಕಿದ್ದಾರೆ. ಇನ್ನು “ಹವಾಯಿಯಲ್ಲೇ ಬ್ಯಾನ್ ಆಗಿದೆ ಗೊತ್ತಾ” ಅನ್ನುವವರಿಗೆ: 2021ರಿಂದ ಅಲ್ಲಿ ಮಾರಾಟ ನಿಲ್ಲಿಸಿದ್ದು ಸಮುದ್ರದ ಹವಳಕ್ಕಾಗಿ, ನಿಮ್ಮ ಕೆನ್ನೆಗಾಗಿ ಅಲ್ಲ.

ಹಾಗಂತ ಕಂಪನಿಗಳ ಪರ ವಕಾಲತ್ತು ಮಾಡೋಕೆ ನಾನು ಕೂತಿಲ್ಲ. 2019ರಲ್ಲಿ ಅಮೆರಿಕದ ಎಫ್‌ಡಿಎ ವಿಜ್ಞಾನಿಗಳು 24 ಜನರ ಮೈಯ ಮುಕ್ಕಾಲು ಭಾಗಕ್ಕೆ ದಿನಕ್ಕೆ 4 ಸಲದಂತೆ 4 ದಿನ ಸನ್‌ಸ್ಕ್ರೀನ್ ಹಚ್ಚಿಸಿ ರಕ್ತ ನೋಡಿದರು. ಒಂದು ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ದಾಟಿದರೆ ಹೆಚ್ಚಿನ ಪರೀಕ್ಷೆ ಬೇಕು ಅನ್ನೋದು ನಿಯಮ. ಆಕ್ಸಿಬೆಂಜೋನ್ ಸರಾಸರಿ 150ನ್ನೂ ದಾಟಿತ್ತು. ರಕ್ತಕ್ಕೆ ಹೋಯಿತು ಅಂದರೆ ಹಾನಿಯಾಯಿತು ಅಂತಲ್ಲ, ಒಪ್ಪಿದೆ. ಆದರೆ ಅದೇ ವರ್ಷ ಎಫ್‌ಡಿಎ ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎರಡನ್ನೇ ಸುರಕ್ಷಿತ ಅಂದು, ಆಕ್ಸಿಬೆಂಜೋನ್ ಸೇರಿ 12 ಫಿಲ್ಟರುಗಳಿಗೆ ಇನ್ನಷ್ಟು ದತ್ತಾಂಶ ಕೇಳಿತು. ದಶಕಗಳಿಂದ ಮಾರಿದ ಮೇಲೆ! “ಟೆಸ್ಟ್ ಮಾಡಿಲ್ಲ ಸರ್, ಆದರೆ ಪ್ರೊಡಕ್ಷನ್‌ನಲ್ಲಿ ಇಷ್ಟು ವರ್ಷ ಓಡ್ತಿದೆಯಲ್ಲ” ಅಂತ ನಾನು ರಿವ್ಯೂನಲ್ಲಿ ಹೇಳಿದರೆ ಮ್ಯಾನೇಜರು ಸುಮ್ಮನಿರ್ತಾರಾ?

ಯುರೋಪಿನವರು ಕಿರುಚಲೂ ಇಲ್ಲ, ಕಣ್ಣು ಮುಚ್ಚಲೂ ಇಲ್ಲ. 2022ರಲ್ಲಿ ನಿಯಮ ಬದಲಿಸಿ ಮುಖ, ಕೈಗೆ ಹಚ್ಚುವುದರಲ್ಲಿ ಶೇ. 6, ಇಡೀ ಮೈಗೆ ಹಚ್ಚುವುದರಲ್ಲಿ ಶೇ. 2.2 ಸಾಕು ಅಂದರು. ಹಚ್ಚುವ ಜಾಗ ಹೆಚ್ಚಾದಷ್ಟೂ ಒಳಗೆ ಹೋಗೋದೂ ಹೆಚ್ಚು, ಅಷ್ಟೇ ಲೆಕ್ಕ. ಇದರಿಂದ ಕೆಲವರಿಗೆ ಅಲರ್ಜಿ ಆಗೋದು ನಿಜ, ಅವರು ಬಿಡಲೇಬೇಕು. ತಮಾಷೆ ಅಂದರೆ ನಮ್ಮ ಕೆಫೆಟೇರಿಯಾದಲ್ಲಿ ಆ ಮಾತೇ ಬರಲಿಲ್ಲ.

ಬಂದದ್ದು ಇನ್ನೊಂದು. ಝಿಂಕ್ ಕ್ರೀಮು ನಮ್ಮ ಕಂದುಬಣ್ಣದ ಮೇಲೆ ವಿಭೂತಿ ಬಳಿದ ಹಾಗೆ ಕಾಣತ್ತೆ. ಅದಕ್ಕೇ “ನಾನು ಕಡ್ಲೆಕಾಳಷ್ಟೇ ಹಚ್ಕೊಳ್ಳೋದು” ಅಂದರು ಅದೇ ದುಪ್ಪಟ್ಟು ಬೆಲೆಯವರು. ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಳೆಯೋದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಕಡ್ಲೆಕಾಳಿಗೆ 50 ಎಲ್ಲಿಂದ ಬರಬೇಕು? ಹೆದರಿಸಿ ಮಾರಿದವರು ಇದನ್ನು ಹೇಳಿರಲಿಲ್ಲ.

ನಮ್ಮೂರಲ್ಲಿ ಅಮ್ಮ ಕಳೆ ತೆಗೆಯೋಕೆ ಹೊರಟರೆ ಸೀರೆ ಮೇಲೆ ಅಪ್ಪನ ಹಳೇ ತುಂಬುತೋಳಿನ ಶರ್ಟು, ತಲೆಗೊಂದು ಟವೆಲ್ಲು. ಆ ಟ್ಯೂಬನ್ನು ಕಸಕ್ಕೆ ಹಾಕೋಕೆ ಬಿಡದೆ ನಾನೇ ತಗೊಂಡೆ, ಮುಖಕ್ಕೆ ಹಚ್ಚಿ ಮುಗಿಸ್ತೀನಿ. ಶನಿವಾರ ಟ್ರೆಕ್ಕಿಗೆ ಮಾತ್ರ ಅಪ್ಪನ ಶರ್ಟೇ.