ಲಾಗಿನ್ ಕೆಟ್ಟಿತೆಂದು ಪ್ಯಾಚ್ ಕಿತ್ತೆಸೆಯಬೇಡಿ

ಮೈಕ್ರೋಸಾಫ್ಟ್ ಕಂಪನಿ 2003ರ ಅಕ್ಟೋಬರ್‌ನಿಂದ ತನ್ನ ಭದ್ರತಾ ಅಪ್‌ಡೇಟ್‌ಗಳನ್ನು ತಿಂಗಳ ಎರಡನೇ ಮಂಗಳವಾರ ಬಿಡುತ್ತ ಬಂದಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ 10 ಗಂಟೆ. ನಮ್ಮಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಹನ್ನೊಂದೂವರೆ. ಬೆಂಗಳೂರಿನಲ್ಲಿ ಐಟಿ ಸಪೋರ್ಟ್ ಕೆಲಸ ಮಾಡುವವರು ಬುಧವಾರ ಬೆಳಿಗ್ಗೆ ಫೋನ್ ರಿಂಗಾದರೆ ಯಾಕೆ ಬೆಚ್ಚುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2026ರ ಜನವರಿ 13ರ ಮಂಗಳವಾರ ಬಂದ ಅಪ್‌ಡೇಟ್ ಅಂಥದ್ದೇ ಒಂದು. ವಿಂಡೋಸ್ 11ಕ್ಕೆ ಬಂದ ಇದರ ನಂಬರು ಕೆಬಿ 5074109. ಸಂಕ್ರಾಂತಿಯ ವಾರ, ಊರಿಗೆ ಹೋದವರು ಅಲ್ಲಿಂದಲೇ ಲಾಗಿನ್ ಆಗುವ ಹೊತ್ತು. ಅಜೂರ್ ವರ್ಚುವಲ್ ಡೆಸ್ಕ್‌ಟಾಪ್, ವಿಂಡೋಸ್ 365 ಎಂಬ ಸೇವೆಗಳಲ್ಲಿ ಕಚೇರಿಯ ಕಂಪ್ಯೂಟರ್ ಇರುವುದು ಕ್ಲೌಡ್‌ನಲ್ಲಿ. ಕೈಯಲ್ಲಿರುವ ಲ್ಯಾಪ್‌ಟಾಪ್ ಅದನ್ನು ತಲುಪುವ ಸಾಧನ ಅಷ್ಟೇ. ತಲುಪಿಸಬೇಕಾದ ‘ವಿಂಡೋಸ್ ಆ್ಯಪ್’ ಈ ಅಪ್‌ಡೇಟ್ ಆದ ಮೇಲೆ ಹೆಸರು, ಪಾಸ್‌ವರ್ಡ್ ಕೇಳುವ ಹಂತದಲ್ಲೇ ಮುಗ್ಗರಿಸಿತು. ಇಂಟರ್‌ನೆಟ್ ಸರಿಯಿದೆ, ಪಾಸ್‌ವರ್ಡ್ ಸರಿಯಿದೆ, ಆ ಕಡೆಯ ಕಂಪ್ಯೂಟರೂ ಸರಿಯಿದೆ. ಆದರೂ ಒಳಗೆ ಹೋಗಲು ಆಗುವುದಿಲ್ಲ.

ಇಂಥ ಹೊತ್ತಿನಲ್ಲಿ ಮನುಷ್ಯ ಮೊದಲು ಅನುಮಾನಿಸುವುದು ತನ್ನನ್ನೇ. ಕ್ಯಾಪ್ಸ್ ಲಾಕ್ ಆನ್ ಇದೆಯೇ ಎಂದು ನೋಡುತ್ತಾನೆ, ಪಾಸ್‌ವರ್ಡ್ ಬದಲಿಸುತ್ತಾನೆ, ರೂಟರ್ ಆಫ್ ಮಾಡಿ ಆನ್ ಮಾಡುತ್ತಾನೆ, ವಿಪಿಎನ್ ತೆಗೆದು ಮತ್ತೆ ಹಾಕುತ್ತಾನೆ. ಹತ್ತು ಸಲ ಪ್ರಯತ್ನಿಸಿ ಕೊನೆಗೆ ಅಕೌಂಟೇ ಲಾಕ್ ಆದರೆ ಒಂದು ಸಮಸ್ಯೆ ಇದ್ದದ್ದು ಎರಡಾಗುತ್ತದೆ. ಎರಡು ನಿಮಿಷದ ಪರೀಕ್ಷೆಯೊಂದನ್ನು ಮೊದಲೇ ಮಾಡಿದ್ದರೆ ಇಷ್ಟೆಲ್ಲ ಒದ್ದಾಟ ತಪ್ಪುತ್ತಿತ್ತು. ಅದೇ ಡೆಸ್ಕ್‌ಟಾಪನ್ನು ಆ್ಯಪ್ ಬಿಟ್ಟು ಬ್ರೌಸರ್‌ನಲ್ಲಿ ತೆರೆದು ನೋಡುವುದು. ಅಲ್ಲಿ ಲಾಗಿನ್ ಆದರೆ ಪಾಸ್‌ವರ್ಡ್, ಅಕೌಂಟ್, ಕ್ಲೌಡ್ ಕಂಪ್ಯೂಟರ್ ಮೂರೂ ಚೆನ್ನಾಗಿವೆ, ಕೆಟ್ಟಿರುವುದು ಲ್ಯಾಪ್‌ಟಾಪಿನಲ್ಲಿರುವ ಸಾಫ್ಟ್‌ವೇರ್ ಎಂದು ಖಚಿತವಾಗುತ್ತದೆ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಹಿಸ್ಟರಿ ತೆರೆದು, ಹಿಂದಿನ ರಾತ್ರಿ ಏನು ಬಂದಿದೆ ಎಂದು ನೋಡಿದರೆ ದಾರಿ ಸಿಗುತ್ತದೆ. ಜನವರಿಯಲ್ಲಿ ಮೈಕ್ರೋಸಾಫ್ಟ್ ಸೂಚಿಸಿದ ತಾತ್ಕಾಲಿಕ ದಾರಿಗಳಲ್ಲಿ ಈ ಬ್ರೌಸರ್ ದಾರಿಯೂ ಒಂದು.

ಆದರೆ ಕಚೇರಿಗಳಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಬರುವ ಸಲಹೆಯೇ ಬೇರೆ: ‘ಆ ಅಪ್‌ಡೇಟನ್ನು ಅನ್‌ಇನ್‌ಸ್ಟಾಲ್ ಮಾಡಿಬಿಡಿ’. ಕೆಲಸ ನಿಂತಿರುವಾಗ ಈ ಮಾತು ಹಿತವಾಗಿ ಕೇಳಿಸುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಇದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಈಗಿನ ವಿಂಡೋಸ್ ಅಪ್‌ಡೇಟ್‌ಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಆ ತಿಂಗಳ ಎಲ್ಲ ತಿದ್ದುಪಡಿಗಳೂ ಒಂದೇ ಗಂಟಿನಲ್ಲಿ ಬರುತ್ತವೆ. ಕೆಟ್ಟ ಒಂದನ್ನು ಮಾತ್ರ ಹೆಕ್ಕಿ ತೆಗೆಯಲು ಬರುವುದಿಲ್ಲ, ತೆಗೆದರೆ ಇಡೀ ಗಂಟನ್ನೇ ತೆಗೆಯಬೇಕು. ಆ ಜನವರಿಯ ಗಂಟಿನಲ್ಲಿ ಮುಚ್ಚಿದ್ದ ಭದ್ರತಾ ಲೋಪಗಳಲ್ಲಿ ಒಂದನ್ನಂತೂ ದಾಳಿಕೋರರು ಆಗಲೇ ಬಳಸುತ್ತಿದ್ದರು. ಲಾಗಿನ್ ಸರಿಹೋಯಿತೆಂದು ನಿಟ್ಟುಸಿರುಬಿಟ್ಟ ಕಂಪ್ಯೂಟರಿನಲ್ಲಿ ಆ ಲೋಪ ಮತ್ತೆ ತೆರೆದುಕೊಂಡಿರುತ್ತದೆ.

2018ರ ಮೇ ತಿಂಗಳಲ್ಲಿ ನಡೆದದ್ದನ್ನು ಸರ್ವರ್ ನೋಡಿಕೊಳ್ಳುವವರು ಇಂದಿಗೂ ನೆನೆಯುತ್ತಾರೆ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಿಸುವ ರಿಮೋಟ್ ಡೆಸ್ಕ್‌ಟಾಪ್ ಪಾಸ್‌ವರ್ಡನ್ನು ಆಚೆ ಬದಿಗೆ ದಾಟಿಸಲು ಬಳಸುವ ‘ಕ್ರೆಡ್‌ಎಸ್‌ಎಸ್‌ಪಿ’ ಎಂಬ ವ್ಯವಸ್ಥೆಯಲ್ಲಿ ದೊಡ್ಡ ಲೋಪವೊಂದು ಪತ್ತೆಯಾಗಿತ್ತು. ನಡುವೆ ನುಸುಳಿದವನು ಲಾಗಿನ್ ಆಗುತ್ತಿರುವವರ ಹೆಸರಿನಲ್ಲೇ ಸರ್ವರ್ ಮೇಲೆ ತನ್ನ ಆಜ್ಞೆ ನಡೆಸಬಹುದಿತ್ತು. ಮಾರ್ಚ್ 13ರಂದೇ ಪ್ಯಾಚ್ ಬಂತು. ಮೇ 8ರ ಅಪ್‌ಡೇಟ್ ಅದನ್ನು ಕಡ್ಡಾಯ ಮಾಡಿತು: ಪ್ಯಾಚ್ ಆದ ಕಂಪ್ಯೂಟರ್ ಇನ್ನು ಮುಂದೆ ಪ್ಯಾಚ್ ಆಗದ ಸರ್ವರ್ ಜೊತೆ ಮಾತಾಡುವುದಿಲ್ಲ. ಮಾರನೆಯ ದಿನ ಎಷ್ಟೋ ದೇಶಗಳ ಕಚೇರಿಗಳಲ್ಲಿ ಒಂದೇ ಎರರ್ ಕಾಣಿಸಿತು. ಅದರಲ್ಲಿ ‘ಎನ್‌ಕ್ರಿಪ್ಶನ್ ಒರಾಕಲ್ ರಿಮೆಡಿಯೇಶನ್’ ಎಂಬ, ಯಾರಿಗೂ ತಲೆಬುಡ ತಿಳಿಯದ ಮಾತು. ಡೇಟಾಬೇಸ್ ಕಂಪನಿ ಒರಾಕಲ್‌ಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇಲ್ಲಿ ಕೆಟ್ಟಿದ್ದು ಅಪ್‌ಡೇಟ್ ಅಲ್ಲ, ಅದು ಹೇಳಿದ ಕೆಲಸವನ್ನೇ ಮಾಡಿತ್ತು. ತಡ ಮಾಡಿದ್ದು ಸರ್ವರ್‌ಗಳಿಗೆ ಪ್ಯಾಚ್ ಹಾಕದೆ ಬಿಟ್ಟವರು. ಅವರ ಸಂಕಟವೂ ಸುಳ್ಳಲ್ಲ. ಸರ್ವರ್‌ಗೆ ಪ್ಯಾಚ್ ಹಾಕಬೇಕಾದರೆ ಅದರೊಳಗೆ ಹೋಗಬೇಕು, ಒಳಗೆ ಹೋಗಲು ಇದ್ದದ್ದು ರಿಮೋಟ್ ಡೆಸ್ಕ್‌ಟಾಪ್ ಒಂದೇ, ಅದೇ ಈಗ ಬಂದ್. ಆಗ ಬಾಯಿಂದ ಬಾಯಿಗೆ ಹರಡಿದ್ದು ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯ ಒಂದು ಸಾಲು: ‘ಅಲೋಎನ್‌ಕ್ರಿಪ್ಶನ್‌ಒರಾಕಲ್’ ಎಂಬುದರ ಬೆಲೆಯನ್ನು 2 ಮಾಡುವುದು. ಲಾಗಿನ್ ಕೂಡಲೇ ಆಗುತ್ತದೆ. ಹಾಗೆ ಮಾಡಿದರೆ ‘ಈ ಕಂಪ್ಯೂಟರ್ ಆ ಲೋಪವನ್ನು ಒಪ್ಪಿಕೊಳ್ಳಲಿ’ ಎಂದು ಬರೆದುಕೊಟ್ಟಂತಾಗುತ್ತದೆ. ಸರ್ವರ್‌ಗೆ ಪ್ಯಾಚ್ ಹಾಕುವ ತನಕ ಒಂದೆರಡು ಗಂಟೆ ಹಾಗಿಟ್ಟುಕೊಂಡರೆ ತಪ್ಪೇನಿಲ್ಲ. ಆದರೆ ಈ ಬೆಲೆ ತಾನಾಗಿ ಹಿಂದಕ್ಕೆ ಬರುವುದಿಲ್ಲ, ಯಾರಾದರೂ ನೆನಪಿಟ್ಟು ಬದಲಿಸಬೇಕು. ಕೆಲಸ ಶುರುವಾದ ಮೇಲೆ ನೆನಪಿಡುವವರು ಯಾರು?

ತಪ್ಪು ಜಾಗದಲ್ಲಿ ಹುಡುಕುವುದು ಇನ್ನೊಂದು ತೊಂದರೆ. 2022ರ ನವೆಂಬರ್ 8ರ ಅಪ್‌ಡೇಟ್ ಆದ ಮೇಲೂ ರಿಮೋಟ್ ಡೆಸ್ಕ್‌ಟಾಪ್ ಲಾಗಿನ್‌ಗಳು ವಿಫಲವಾದವು. ಆ ಸಲ ಲ್ಯಾಪ್‌ಟಾಪ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ. ಕಚೇರಿಯ ಎಲ್ಲರ ಗುರುತನ್ನೂ ಖಾತ್ರಿಪಡಿಸುವ ಡೊಮೈನ್ ಕಂಟ್ರೋಲರ್ ಎಂಬ ಸರ್ವರ್‌ನಲ್ಲಿ, ಕರ್ಬರೋಸ್ ಎಂಬ ಗುರುತಿನ ವ್ಯವಸ್ಥೆ ಎಡವಟ್ಟು ಮಾಡಿಕೊಂಡಿತ್ತು. ಲ್ಯಾಪ್‌ಟಾಪ್‌ಗಳಿಂದ ಅಪ್‌ಡೇಟ್ ಕಿತ್ತವರಿಗೆ ಸಮಯ ಹಾಳಾಯಿತೇ ಹೊರತು ಬೇರೇನೂ ದಕ್ಕಲಿಲ್ಲ. 17ರಿಂದ ಬರತೊಡಗಿದ ತುರ್ತು ತಿದ್ದುಪಡಿಯನ್ನು ಡೊಮೈನ್ ಕಂಟ್ರೋಲರ್‌ಗೆ ಹಾಕಿದರೆ ಸಾಕಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ಕೂಡಲೇ ಮುಚ್ಚಲೇಬೇಕು ಎಂದು ತಾನೇ ಪಟ್ಟಿಮಾಡಿದ್ದ ಲೋಪವೊಂದನ್ನು ಪಟ್ಟಿಯಿಂದ ತಾತ್ಕಾಲಿಕವಾಗಿ ಕೈಬಿಟ್ಟಿತ್ತು. ಆ ಪ್ಯಾಚನ್ನು ಡೊಮೈನ್ ಕಂಟ್ರೋಲರ್‌ಗೆ ಹಾಕಿದರೆ ಲಾಗಿನ್‌ಗಳು ಕೆಡುತ್ತಿದ್ದವು ಎಂಬುದೇ ಕಾರಣ. ಪ್ಯಾಚ್ ಹಾಕಿ ಎಂದು ಸರ್ಕಾರಿ ಇಲಾಖೆಗಳ ಬೆನ್ನು ಬೀಳುವ ಸಂಸ್ಥೆಯೇ ‘ಸದ್ಯಕ್ಕೆ ತಡೆಯಿರಿ’ ಎನ್ನಬೇಕಾಯಿತು.

2025ರಲ್ಲಿ ಬಂದದ್ದು ಇವೆಲ್ಲಕ್ಕಿಂತ ವಿಚಿತ್ರ. ಪ್ರತಿ ವಿಂಡೋಸ್ ಕಂಪ್ಯೂಟರಿಗೂ ಎಸ್‌ಐಡಿ ಎಂಬ ಗುರುತು ಸಂಖ್ಯೆ ಇರುತ್ತದೆ. ಒಂದು ಕಂಪ್ಯೂಟರಿನ ಡಿಸ್ಕನ್ನು ಕ್ಲೋನ್ ಮಾಡಿ ಮಿಕ್ಕವಕ್ಕೆಲ್ಲ ಹಾಕಿದರೆ ಎಲ್ಲದರ ಸಂಖ್ಯೆಯೂ ಒಂದೇ ಆಗುತ್ತದೆ. ಇದರಿಂದ ತೊಂದರೆಯೇನೂ ಇಲ್ಲ, ಅದೊಂದು ಮಿಥ್ಯೆ ಎಂದು ಮೈಕ್ರೋಸಾಫ್ಟ್‌ನ ಮಾರ್ಕ್ ರುಸಿನೋವಿಚ್ 2009ರಲ್ಲಿ ವಿವರವಾಗಿ ಬರೆದಿದ್ದರು. ಸಂಖ್ಯೆ ಬದಲಿಸಲು ತಾವೇ ಬರೆದಿದ್ದ ಸಾಫ್ಟ್‌ವೇರನ್ನೂ ಹಿಂದಕ್ಕೆ ಪಡೆದಿದ್ದರು. ಹದಿನಾರು ವರ್ಷ ಕಳೆದ ಮೇಲೆ, 2025ರ ಆಗಸ್ಟ್ ಕೊನೆಯ ಅಪ್‌ಡೇಟ್‌ಗಳಿಂದ ಶುರುವಾಗಿ, ಒಂದೇ ಸಂಖ್ಯೆಯ ಎರಡು ಕಂಪ್ಯೂಟರ್‌ಗಳು ಪರಸ್ಪರ ಲಾಗಿನ್ ಆಗುವುದನ್ನು ವಿಂಡೋಸ್ ತಡೆಯತೊಡಗಿತು. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ‘ನಿಮ್ಮ ವಿವರ ಸರಿಯಿಲ್ಲ’ ಎಂಬ ಉತ್ತರ. ಸಿಸ್‌ಪ್ರೆಪ್ ಎಂಬ ಅಧಿಕೃತ ವಿಧಾನದಲ್ಲಿ ಕಂಪ್ಯೂಟರನ್ನು ಮತ್ತೆ ಸಿದ್ಧಪಡಿಸುವುದೇ ಶಾಶ್ವತ ಪರಿಹಾರ. ಅಲ್ಲಿಯವರೆಗೆ ಸುಧಾರಿಸಿಕೊಳ್ಳಲು ಬೇಕಾದ ಪಾಲಿಸಿಗೆ ಮೈಕ್ರೋಸಾಫ್ಟ್ ಸಪೋರ್ಟನ್ನೇ ಕೇಳಬೇಕು. ಹೊಸ ನಿಯಮ ಭದ್ರತೆಯ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಇಷ್ಟು ವರ್ಷ ಒಂದು ಮಾತು ನಂಬಿಕೊಂಡು ಬಂದವರಿಗೆ ಅಕ್ಟೋಬರ್‌ನಲ್ಲಿ ವಿವರಣೆ ಕೊಟ್ಟದ್ದು ತೀರಾ ತಡವಾಯಿತು.

ಈ ಎಲ್ಲದರ ಭಾರ ಹೆಚ್ಚಾಗಿ ಬೀಳುವುದು ಚಿಕ್ಕ ಕಚೇರಿಗಳ ಮೇಲೆ. ನಮ್ಮ ಊರುಗಳ ಎಷ್ಟೋ ಆಡಿಟರ್ ಕಚೇರಿಗಳಲ್ಲಿ, ಹೋಲ್‌ಸೇಲ್ ಮಳಿಗೆಗಳಲ್ಲಿ ಟ್ಯಾಲಿ ಒಂದೇ ಕಂಪ್ಯೂಟರಿನಲ್ಲಿರುತ್ತದೆ, ಮಿಕ್ಕವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದಕ್ಕೆ ಲಾಗಿನ್ ಆಗುತ್ತಾರೆ. ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ದಿನ ಲಾಗಿನ್ ಕೈಕೊಟ್ಟರೆ ಕರೆಸುವುದು ಕಂಪ್ಯೂಟರ್ ರಿಪೇರಿಯ ಹುಡುಗನನ್ನು. ಮಾಲೀಕರು ತಲೆಯ ಮೇಲೆ ನಿಂತಿರುವಾಗ ಅವನು ಲಾಗಿನ್‌ಗೆ ಮೊದಲೇ ಗುರುತು ಕೇಳುವ ಎನ್‌ಎಲ್‌ಎ ಎಂಬ ಭದ್ರತೆಯನ್ನು ಆಫ್ ಮಾಡುತ್ತಾನೆ, ಅಪ್‌ಡೇಟ್ ಸೇವೆಯನ್ನೇ ನಿಲ್ಲಿಸುತ್ತಾನೆ, ಕೆಲವೊಮ್ಮೆ ರೂಟರ್‌ನಲ್ಲಿ 3389 ಪೋರ್ಟನ್ನು ನೇರ ಇಂಟರ್‌ನೆಟ್‌ಗೆ ತೆರೆದಿಡುತ್ತಾನೆ. ಸಂಜೆಯೊಳಗೆ ರಿಟರ್ನ್ ಹೋಗುತ್ತದೆ. ಆದರೆ ಆ ಕಂಪ್ಯೂಟರ್ ಅಂದಿನಿಂದ ರ‍್ಯಾನ್ಸಮ್‌ವೇರ್‌ನವರ ಕಣ್ಣಿಗೆ ಬಿದ್ದಿರುತ್ತದೆ. 2017ರ ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದಾಗ ಅದನ್ನು ತಡೆಯುವ ಪ್ಯಾಚ್ ಬಂದು ಎರಡು ತಿಂಗಳಾಗುತ್ತ ಬಂದಿತ್ತು. ಸಿಕ್ಕಿಬಿದ್ದವರು ಅದನ್ನು ಹಾಕಿಕೊಂಡಿರಲಿಲ್ಲ.

ಹಾಗಂತ ಬಂದ ರಾತ್ರಿಯೇ ಎಲ್ಲ ಕಂಪ್ಯೂಟರಿಗೂ ಅಪ್‌ಡೇಟ್ ಹಾಕಬೇಕೆಂದಲ್ಲ. ಹತ್ತು ಕಂಪ್ಯೂಟರ್ ಇದ್ದಲ್ಲಿ ಮೊದಲು ಒಂದಕ್ಕೆ ಹಾಕಿ, ಅದರಿಂದ ಲಾಗಿನ್ ಆಗಿ ನೋಡಿ, ಮೂರ್ನಾಲ್ಕು ದಿನ ಬಿಟ್ಟು ಮಿಕ್ಕವಕ್ಕೆ ಹಾಕಬಹುದು. ವಿಂಡೋಸ್‌ನಲ್ಲೇ ಅಪ್‌ಡೇಟನ್ನು ಕೆಲವು ವಾರ ತಡೆಹಿಡಿಯುವ ಸೌಲಭ್ಯವಿದೆ, ದುಡ್ಡು ಬೇಕಿಲ್ಲ. ಜನವರಿಯ ದೋಷಕ್ಕೆ ನಾಲ್ಕೇ ದಿನದಲ್ಲಿ, 17ರಂದು, ತುರ್ತು ಅಪ್‌ಡೇಟ್ ಬಂತು. ಅಷ್ಟು ಕಾದು ಅದನ್ನೇ ಹಾಕಿಕೊಂಡವರಿಗೆ ತೊಂದರೆಯೇ ಆಗುತ್ತಿರಲಿಲ್ಲ. ನಾಲ್ಕು ದಿನ ಕಾಯುವುದು ಎಚ್ಚರಿಕೆ, ಎರಡು ತಿಂಗಳು ಕಾದರೆ ವನ್ನಾಕ್ರೈ.

ದೊಡ್ಡ ಕಂಪನಿಗಳಿಗೆ ಹೇಳಬೇಕಾದ್ದೂ ಒಂದಿದೆ. ಅಪ್‌ಡೇಟ್ ಕೆಟ್ಟು ಲಾಗಿನ್ ಆಗದೆ ಹೋದರೆ ಆ ದಿನವನ್ನು ನೌಕರರ ರಜೆಯಲ್ಲಿ ಕಳೆಯುವುದು ಅನ್ಯಾಯ. ಸಾಫ್ಟ್‌ವೇರ್ ಆಯ್ದುಕೊಂಡವರೂ ಅಪ್‌ಡೇಟ್ ತಳ್ಳಿದವರೂ ಅವರಲ್ಲ.

ಆದರೆ ಹೆಚ್ಚಿನ ಹೊಣೆ ಮೈಕ್ರೋಸಾಫ್ಟ್‌ನದು. ಜನವರಿಯಲ್ಲಿ ಅದು ತೋರಿಸಿದ ಇನ್ನೊಂದು ಪರ್ಯಾಯ, ಹಳೆಯ ರಿಮೋಟ್ ಡೆಸ್ಕ್‌ಟಾಪ್ ಕ್ಲೈಂಟ್. ಅದೇ ಕ್ಲೈಂಟಿಗೆ 2026ರ ಮಾರ್ಚ್‌ನಲ್ಲಿ ಬೆಂಬಲ ನಿಲ್ಲಿಸುವುದಾಗಿ ಅದು ಮೊದಲೇ ಸಾರಿತ್ತು. ಹೊಸ ಆ್ಯಪ್ ಕೆಟ್ಟಾಗ ಜನರನ್ನು ಕಾಪಾಡಿದ ದಾರಿಯನ್ನೇ ಮುಚ್ಚುವುದಾದರೆ ಅದರ ಜಾಗದಲ್ಲಿ ಅಷ್ಟೇ ಸಮರ್ಥವಾದ ಇನ್ನೊಂದನ್ನು ಕೊಡಬೇಕು. ಬ್ರೌಸರ್ ದಾರಿ ಒಳ್ಳೆಯದೇ, ಆದರೆ ಪ್ರಿಂಟರ್, ಸ್ಕ್ಯಾನರ್, ಎರಡೆರಡು ಮಾನಿಟರ್ ಇಟ್ಟುಕೊಂಡು ದುಡಿಯುವವರಿಗೆ ಅದು ಪೂರ್ತಿ ಸಾಲದು. ಅಪ್‌ಡೇಟ್ ಗಂಟಿನಲ್ಲಿ ಕೆಟ್ಟ ಬದಲಾವಣೆಯೊಂದನ್ನೇ ದೂರದಿಂದ ಆಫ್ ಮಾಡುವ ವ್ಯವಸ್ಥೆಯೂ ಕಂಪನಿಯ ಬಳಿ ಇದೆ. 2025ರ ಮಾರ್ಚ್‌ನಲ್ಲಿ, ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ ಕಡಿದುಹೋಗುತ್ತಿದ್ದ ದೋಷವೊಂದಕ್ಕೆ ಅದನ್ನು ಬಳಸಿತ್ತು. ಭದ್ರತೆಗೆ ಸಂಬಂಧಿಸದ ಬದಲಾವಣೆಗಳಿಗೆಂದು ರೂಪಿಸಿದ ಈ ಸ್ವಿಚ್ಚು, ಲಾಗಿನ್ ಮುಟ್ಟುವ ಪ್ರತಿ ಬದಲಾವಣೆಗೂ ಇರಬೇಕೆಂದು ಗ್ರಾಹಕರು ಪಟ್ಟು ಹಿಡಿದು ಕೇಳಬೇಕು. ಜನವರಿ 17ರ ತುರ್ತು ತಿದ್ದುಪಡಿಯನ್ನು ಅಪ್‌ಡೇಟ್ ಕೆಟಲಾಗ್‌ನಲ್ಲಿ ಹುಡುಕಿ ಇಳಿಸಿಕೊಳ್ಳಬೇಕಾಗಿತ್ತು. ಐಟಿ ವಿಭಾಗವಿಲ್ಲದ ಕಚೇರಿಗೆ ಅಂಥ ಕೆಟಲಾಗ್ ಒಂದಿದೆ ಎಂಬುದೇ ಗೊತ್ತಿರುವುದಿಲ್ಲ. ದೋಷ ತಾನಾಗಿ ಮನೆಬಾಗಿಲಿಗೆ ಬಂದಿತ್ತು, ಪರಿಹಾರವೂ ಹಾಗೆಯೇ ಬರಬೇಕಿತ್ತು.

ಜನವರಿಯ ಆ ವಾರ ಹೇಗೋ ಲಾಗಿನ್ ಮಾಡಿಕೊಂಡ ಕಚೇರಿಗಳು ಇನ್ನೊಂದು ಕೆಲಸ ಮಾಡಬೇಕು. ಆಫ್ ಮಾಡಿದ ಎನ್‌ಎಲ್‌ಎ ಮತ್ತೆ ಆನ್ ಆಗಿದೆಯೇ, ನಿಲ್ಲಿಸಿದ ಅಪ್‌ಡೇಟ್ ಸೇವೆ ಓಡುತ್ತಿದೆಯೇ, ರೂಟರ್‌ನ 3389 ಪೋರ್ಟ್ ಮುಚ್ಚಿದೆಯೇ, ಕಿತ್ತ ಅಪ್‌ಡೇಟ್ ಜಾಗಕ್ಕೆ ಸರಿಪಡಿಸಿದ್ದು ಬಂದಿದೆಯೇ ಎಂದು ಒಬ್ಬರನ್ನು ಕೂರಿಸಿ, ಒಂದೊಂದು ಕಂಪ್ಯೂಟರನ್ನೂ ತೆರೆದು ನೋಡಿಸಬೇಕು.